ದಂಡಿನ ಪಿಸ್ತೂಲು ಮೀಮಾಂಸೆ

ಪೂರ್ಣಪ್ರಮಾಣದ ಅರೆಸ್ವಯಂಚಾಲಿತ ಪಿಸ್ತೂಲನ್ನು ಆರಿಸಿಕೊಳ್ಳುವ ಬಗ್ಗೆ ಕನ್ನಡದಲ್ಲೊಂದು ಶಾಸ್ತ್ರಗ್ರಂಥವಿಲ್ಲದಿರುವುದು ನಾಡಿನ ವಿದ್ವತ್ತಿಗೆ ಅಂಟಿದ ಕಳಂಕ. ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ. ಚಾವುಂಡರಾಯ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಪತ್ತೆಹಚ್ಚುವುದನ್ನೂ ಹೇಳಿಕೊಟ್ಟ. ಪಿಸ್ತೂಲಿನ ಪಾಲಿಗೆ ಮಾತ್ರ ಒಬ್ಬ ಚಾವುಂಡರಾಯ ಹುಟ್ಟಲಿಲ್ಲ. ಆ ಕೊರತೆಯನ್ನು ತುಂಬಲು ಈ ಲೇಖಕ ಯಾರೂ ಕೇಳದಿದ್ದರೂ ಮುಂದಾಗಿದ್ದಾನೆ.

ಅಧ್ಯಯನದ ವ್ಯಾಪ್ತಿ: ಬೆಂಗಳೂರಿನಲ್ಲಿ ಪಶ್ಚಿಮಕ್ಕೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟು, ಪೂರ್ವಕ್ಕೆ ಕೆ.ಆರ್. ಪುರದ ತೂಗುಸೇತುವೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಮಗ್ಗುಲಲ್ಲಿ ದಂಡು ಇಳಿಸಿದಂದಿನಿಂದ ಇಲ್ಲಿನ ಬೀದಿಗಳಿಗೂ ಫೌಜಿನ ಹೆಸರುಗಳೇ ಅಂಟಿಕೊಂಡವು: ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ. ಇಂಥ ನೆಲದಲ್ಲಲ್ಲದೆ ಪಿಸ್ತೂಲಿನ ವಿಚಾರವನ್ನು ಮಲ್ಲೇಶ್ವರದಲ್ಲಿ ಕೂತು ಮಾಡಲಾದೀತೆ? ಅಧ್ಯಯನದ ಮಿತಿ: ಸಂಶೋಧಕನು ಈವರೆಗೆ ಒಂದು ಪಿಸ್ತೂಲನ್ನೂ ಕೈಯಿಂದ ಮುಟ್ಟಿಲ್ಲ. ಇದನ್ನು ದೋಷವೆಂದು ಎತ್ತಿ ಆಡುವವರು ನಾಟ್ಯಶಾಸ್ತ್ರದ ಪಂಡಿತರೆಲ್ಲ ಕುಣಿಯುತ್ತಾರೆಯೇ ಎಂದು ಮೊದಲು ವಿಚಾರಿಸಲಿ.

ಇನ್ನು ಲಕ್ಷಣ. ಒಂದು ಸಲ ಕುದುರೆ ಒತ್ತಿದರೆ ಒಂದೇ ಗುಂಡು ಹಾರಬೇಕು. ಆ ಗುಂಡಿನ ಬಲದಿಂದಲೇ ಖಾಲಿ ತೋಟಾ ಆಚೆ ಚಿಮ್ಮಿ, ಮುಂದಿನ ತೋಟಾ ಸ್ಪ್ರಿಂಗಿನ ಒತ್ತಡಕ್ಕೆ ತಾನೇ ಮೇಲೆದ್ದು ನಳಿಗೆಯ ಹಿಂತುದಿಗೆ ಬಂದು ಕೂರಬೇಕು. ಎರಡನೆಯ ಗುಂಡಿಗೆ ಮತ್ತೆ ಒತ್ತಬೇಕು. ಸರ್ಕಾರಿ ಕಡತವೂ ಇದೇ ತತ್ವದ ಮೇಲೆ ನಡೆಯುತ್ತದೆ. ಒಂದು ಸಲ ಒತ್ತಿದರೆ ಒಂದೇ ಮೇಜು ಮುಂದಕ್ಕೆ ಹೋಗುತ್ತದೆ. ಪೂರ್ಣಪ್ರಮಾಣವೆಂದರೆ ನಳಿಗೆ ಸುಮಾರು ನಾಲ್ಕೂವರೆಯಿಂದ ಐದೂವರೆ ಅಂಗುಲ, ತೋಟಾ ತುಂಬಿದಾಗ ತೂಕ ಹೆಚ್ಚುಕಡಿಮೆ ಒಂದು ಕಿಲೋ.

ಈ ಜಾತಿಯ ಪಿಸ್ತೂಲುಗಳನ್ನು ಅಂಗಡಿಯವರು ಬೆಲೆಯಿಂದ ವಿಂಗಡಿಸುತ್ತಾರೆ. ನಮ್ಮ ಕಾವ್ಯಮೀಮಾಂಸೆ ಸಾವಿರ ವರ್ಷದ ಹಿಂದೆಯೇ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿಟ್ಟಿರುವಾಗ ಅಷ್ಟು ಕೆಳಗಿಳಿಯುವ ಅಗತ್ಯವಿಲ್ಲ. ಅಮೆರಿಕದ ಸೈನ್ಯ 1911ರಲ್ಲಿ ಕೈಗೆತ್ತಿಕೊಂಡು 1985ರವರೆಗೆ ಕೆಳಗಿಡದ .45ರ ಕೋಲ್ಟ್ ಧೀರೋದಾತ್ತ: ಏಳೇ ತೋಟಾ, ಆದರೆ ಒಂದೊಂದೂ ಪ್ರತಿಜ್ಞೆ. ಜಾನ್ ಬ್ರೌನಿಂಗ್ ಆರಂಭಿಸಿ, ಆತ 1926ರಲ್ಲಿ ತೀರಿಕೊಂಡ ಮೇಲೆ ದ್ಯೂದೊನೆ ಸೇವ್ ಮುಗಿಸಿದ 1935ರ ಹೈಪವರ್ ಧೀರಲಲಿತ: ತೆಳ್ಳನೆಯ ಮೈ, ಹೊಟ್ಟೆಯಲ್ಲಿ ಹದಿಮೂರು ತೋಟಾ. ಆಸ್ಟ್ರಿಯಾದ ಸೈನ್ಯ 1982ರಲ್ಲಿ ಒಪ್ಪಿಕೊಂಡ ಗ್ಲಾಕ್ 17 ಧೀರಶಾಂತ. ಅದರ ಕರ್ತೃ ಗಾಸ್ಟನ್ ಗ್ಲಾಕ್ ಅದಕ್ಕೆ ಮೊದಲು ಪರದೆ ತೂಗುಹಾಕುವ ಸರಳುಗಳನ್ನು ಮಾಡುತ್ತಿದ್ದವನು; ಶಾಂತರಸ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಉಳಿದ ಧೀರೋದ್ಧತ ಸ್ಥಾನ ಜರ್ಮನಿಯ ಮೌಸರ್ ಸಿ96ಕ್ಕೆ ಮೀಸಲು. ಪೊರಕೆಯ ಹಿಡಿಯಂಥ ಹಿಡಿ, ಕುದುರೆಯ ಮುಂದೆ ಜೋತ ಮ್ಯಾಗಝೀನು, ಭುಜಕ್ಕೆ ಒತ್ತಿ ಬಂದೂಕಿನಂತೆ ಹೊಡೆಯಲು ಬರುವ ಮರದ ಒರೆ. ನೋಡಿದರೇ ಜಗಳಕ್ಕೆ ನಿಂತಂತಿರುತ್ತದೆ.

ಬೆಂಗಳೂರು ದಂಡಿಗೆ ಸೇರಿದವನೊಬ್ಬ ಪೂರ್ಣಪ್ರಮಾಣದ ಅರೆಸ್ವಯಂಚಾಲಿತ ಪಿಸ್ತೂಲನ್ನು ಸ್ವಬುದ್ಧಿಯಿಂದ ಆರಿಸಿಕೊಂಡ ಪ್ರಸಿದ್ಧ ದೃಷ್ಟಾಂತ ದೊರೆಯುವುದೂ ಈ ಮೌಸರಿನಲ್ಲೇ. ವಿನ್‌ಸ್ಟನ್ ಚರ್ಚಿಲ್ ಎಂಬ ಪಡ್ಡೆ ಅಧಿಕಾರಿ 1896ರಲ್ಲಿ 4ನೇ ಹುಸಾರ್ಸ್ ಕುದುರೆ ಪಡೆಯ ಜೊತೆ ಇಲ್ಲಿಗೆ ಬಂದ. ಬರುವಾಗಲೇ ಮುಂಬೈಯ ಸಾಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯುತ್ತ ಕಬ್ಬಿಣದ ಬಳೆ ಹಿಡಿದು ಬಲಭುಜ ಕಳಚಿಕೊಂಡಿದ್ದ. ದಂಡಿನ ಬಂಗಲೆಯಲ್ಲಿ ಗುಲಾಬಿ ಬೆಳೆಸಿದ, ಪೋಲೊ ಆಡಿದ, ಚಿಟ್ಟೆ ಕೂಡಿಟ್ಟ. ಚಿಟ್ಟೆಗಳನ್ನು ಇಲಿ ತಿಂದಿತು. 1898ರಲ್ಲಿ ಸುಡಾನಿನ ಯುದ್ಧಕ್ಕೆ ಹೇಗೋ ನುಸುಳಿಕೊಂಡು ಹೊರಟಾಗ, ಕತ್ತಿ ಬೀಸಲು ಭುಜ ಒಪ್ಪದೆಂದು ಲಂಡನ್ನಿನಲ್ಲಿ ಮೌಸರ್ ಕೊಂಡ. ಸೆಪ್ಟೆಂಬರ್ 2ರಂದು ಒಮ್ದುರ್ಮಾನಿನಲ್ಲಿ ಕುದುರೆಗಳು ನುಗ್ಗುವ ಹೊತ್ತಿಗೆ ಕತ್ತಿಯನ್ನು ಒರೆಗೆ ತಳ್ಳಿ ಅದನ್ನೇ ಹಿರಿದ, ಬದುಕಿದ.

ವಿದ್ವಾಂಸರು ಇದರಿಂದ ಗ್ರಹಿಸಬೇಕಾದದ್ದು ಬಹಳವಿದೆ. ಆಯ್ಕೆ ಮಾಡಿದ್ದು ಚರ್ಚಿಲ್ಲನೋ, ಅವನ ಭುಜವೋ? ಸಾಸೂನ್ ಡಾಕಿನ ಬಳೆ ಎರಡಂಗುಲ ಈಚೆಗಿದ್ದಿದ್ದರೆ ಆತ ಕತ್ತಿ ಹಿಡಿದೇ ಹೋಗುತ್ತಿದ್ದ. ಇಪ್ಪತ್ತನೆಯ ಶತಮಾನದ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತು. ಬೆಂಗಳೂರು ಕ್ಲಬ್ಬಿಗೆ ಮಾತ್ರ ಹೇಗಿದ್ದರೂ ನಷ್ಟ ತಪ್ಪುತ್ತಿರಲಿಲ್ಲ: ಅವನಿಂದ ಬರಬೇಕಿದ್ದ 13 ರೂಪಾಯಿಯನ್ನು ವಸೂಲಾಗದ ಬಾಕಿಯೆಂದು ಆ ಕ್ಲಬ್ಬು 1899ರಲ್ಲೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿದೆ. ಪಿಸ್ತೂಲಿಗೆ ದುಡ್ಡಿತ್ತು, ಕ್ಲಬ್ಬಿನ ಬಾಕಿಗಿರಲಿಲ್ಲ.

ಚರ್ಚಿಲ್ಲನಿಗೆ ಕುದುರೆಯೂ ಸೊಂಟಪಟ್ಟಿಯೂ ಇದ್ದವು. ಪಂಚೆಯುಟ್ಟ ನಾಗರಿಕನ ಗತಿಯೇನು? ಪೂರ್ವಸೂರಿಗಳು ಈ ಪ್ರಶ್ನೆಯ ಕಡೆ ತಿರುಗಿಯೂ ನೋಡಿಲ್ಲ. ಆದಕಾರಣ ಪ್ರಯೋಗವೇ ಪ್ರಮಾಣವೆಂದು ರಸೆಲ್ ಮಾರ್ಕೆಟ್ಟಿನ ಬಳಿ ಒಂದು ಕಿಲೋ ಬೆಲ್ಲದ ಅಚ್ಚು ಕೊಂಡು, ಸೊಂಟಕ್ಕೆ ಸಿಕ್ಕಿಸಿ, ಪಂಚೆಯ ಗಂಟನ್ನು ಅದರ ಮೇಲೆ ಬಿಗಿದು ಕಮರ್ಷಿಯಲ್ ಸ್ಟ್ರೀಟಿನ ಕಡೆ ನಡೆದೆ. ಫಲಿತಾಂಶವನ್ನು ಗ್ರಾಂಥಿಕವಾಗಿ ಹೇಳುವುದಾದರೆ, ಪೂರ್ಣಪ್ರಮಾಣದ ಆಯುಧವೂ ಪೂರ್ಣಪ್ರಮಾಣದ ಮರ್ಯಾದೆಯೂ ಏಕಕಾಲಕ್ಕೆ ಒಂದೇ ಗಂಟಿನಲ್ಲಿ ನಿಲ್ಲಲಾರವು.

ಇನ್ನು ಪಂಥಗಳು. ಹಲಸೂರು ಪಂಥದ ಆಚಾರ್ಯರು ಕೆರೆದಂಡೆಯ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದ ಸುಬೇದಾರರು. ಕೋಲ್ಟೋ ಹೈಪವರೋ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಭಾಷ್ಯ ಇಷ್ಟೇ: “ಮೇಷ್ಟ್ರೇ, ಯಾವುದು ಬೇಕು ಅಂತ ನಮ್ಮನ್ನ ಯಾರು ಕೇಳಿದ್ರು? ಕೋತ್‌ನಲ್ಲಿ, ಅದೇ ಆಯುಧದ ಕೋಣೇಲಿ, ಕೊಟ್ರು, ಸಹಿ ಹಾಕಿದ್ವಿ. ಸಂಜೆ ಒರೆಸಿ ವಾಪಸ್ ಕೊಟ್ಟು ಮತ್ತೆ ಸಹಿ ಹಾಕಿದ್ವಿ.” ಕೊಟ್ಟದ್ದು ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ಹೈಪವರಿನ ಅಚ್ಚಿನಲ್ಲೇ ತಯಾರಾದ 9 ಮಿಲಿಮೀಟರಿನ 1ಎ. ಶಿವಾಜಿನಗರ ಪಂಥವನ್ನು ಪ್ರತಿನಿಧಿಸಿದವರು ಗುಜರಿ ಅಂಗಡಿಯ ಸಾಹೇಬರು. “ಕಾರ್ಬುರೇಟರ್ ಬೇಕಾ ಸಾರ್, ಕೊಡ್ತೀನಿ. ಆ ಮಾತು ಮಾತ್ರ ಇಲ್ಲಿ ಎತ್ತಬೇಡಿ, ನೀವು ಪುಸ್ತಕ ಬರೀತೀರಾ, ನಾನು ಕೋರ್ಟಿಗೆ ಅಲೀಬೇಕು” ಎಂದರು. ನಾನು ಕಂಡ ಕಾನೂನು ಪಂಡಿತರಲ್ಲಿ ಇವರೇ ಶ್ರೇಷ್ಠರು. ಇಂದಿರಾನಗರ ಪಂಥ ಮಾತ್ರ ವಾಚಾಳಿ. ಟೆಕ್ಸಾಸಿನಿಂದ ಮರಳಿ ನೂರಡಿ ರಸ್ತೆಯ ಆಸುಪಾಸಿನಲ್ಲಿ ನೆಲೆಸಿದ ತರುಣ ಮಿತ್ರ, ಮೂವತ್ತೆರಡು ಪಿಸ್ತೂಲುಗಳನ್ನು ಹೋಲಿಸುವ ಕೋಷ್ಟಕವೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು ಗ್ಲಾಕಿಗೆ ಮೇಲಿನ ಅಂಕ ಕೊಟ್ಟ. ಲೈಸೆನ್ಸ್ ಇದೆಯಾ ಎಂದದ್ದಕ್ಕೆ “ಅದು ಕೊನೇ ಕಾಲಮ್ಮು ಸರ್” ಎಂದ. 2021ರ ಜಾಹೀರಾತೊಂದರಲ್ಲಿ ತನ್ನನ್ನು ಆ ಬಡಾವಣೆಯ ಗೂಂಡಾ ಎಂದು ಕರೆದುಕೊಂಡ ಕ್ರಿಕೆಟಿಗ ರಾಹುಲ್ ದ್ರಾವಿಡ್ ಕೂಡ ಟ್ರಾಫಿಕ್ಕಿನ ನಡುವೆ ಎತ್ತಿದ್ದು ಕ್ರಿಕೆಟ್ ಬ್ಯಾಟನ್ನೇ ಎಂಬುದು ಇಲ್ಲಿ ಗಮನಾರ್ಹ. ಕೆ.ಆರ್. ಪುರ ಪಂಥದ ಬಗ್ಗೆ ಹೆಚ್ಚು ಬರೆಯಲಾರೆ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು ದಾಟಿ ಅವರನ್ನು ತಲುಪುವಷ್ಟರಲ್ಲಿ ಸಂದರ್ಶನದ ಹೊತ್ತು ಮೀರಿತ್ತು.

ಹೀಗೆ ಪೂರ್ವಪಕ್ಷವೆಲ್ಲ ಮುಗಿದ ಮೇಲೆ ಸಿದ್ಧಾಂತಕ್ಕೆ ಬರಬೇಕು. ಸಿದ್ಧಾಂತವಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ. ಗ್ಲಾಕ್ 17 ಆಗಲಿ ಹೈಪವರ್ ಆಗಲಿ ನುಂಗುವ 9 ಮಿಲಿಮೀಟರ್ ತೋಟಾ ಸಾಮಾನ್ಯನಿಗೆ ನಿಷಿದ್ಧ. ಅದರ ಪರವಾನಗಿಯ ಅಧಿಕಾರ ದೆಹಲಿಯ ಗೃಹ ಸಚಿವಾಲಯದ್ದು. ವಿದೇಶಿ ಪಿಸ್ತೂಲನ್ನು ನಾಗರಿಕರು ತರಿಸಿಕೊಳ್ಳುವ ಬಾಗಿಲೂ 1980ರ ದಶಕದಲ್ಲೇ ಮುಚ್ಚಿತು. ಅದಕ್ಕೆ ಮೊದಲು ಬಂದ ಮುದಿ ಕೋಲ್ಟುಗಳು, ವಾಲ್ಥರುಗಳು ಕೈಯಿಂದ ಕೈಗೆ ದಾಟುತ್ತ ಲಕ್ಷಗಳಲ್ಲಿ ಬೆಲೆ ಬಾಳುತ್ತವೆ. ನಾಲ್ಕು ನಾಯಕರೂ ಹೀಗೆ ರಂಗದಿಂದ ನಿರ್ಗಮಿಸಿದ ಮೇಲೆ ಉಳಿಯುವುದು ಮುಖ್ಯವಾಗಿ ದೇಶದಲ್ಲೇ ತಯಾರಾಗುವ .32. ಅದು ಪೂರ್ಣಪ್ರಮಾಣವಲ್ಲ, ನಾಟಕದ ವಿದೂಷಕನಷ್ಟು ಗಾತ್ರ. 2014ರಲ್ಲಿ ಕಾನ್ಪುರದವರು ಮಹಿಳೆಯರಿಗೆಂದು ತಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಕೂಡ .32ರದೇ, ಅದೂ ರಿವಾಲ್ವರು. ಆಗಲೇ ಬೆಲೆ ಲಕ್ಷದ ಮೇಲಿತ್ತು. ಆ ದುಡ್ಡಿಗೆ ಒಡವೆ ಕೊಳ್ಳಬಹುದಿತ್ತಲ್ಲ ಎಂಬ ಗೃಹಿಣಿಯರ ಆಕ್ಷೇಪಕ್ಕೆ ಈ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಪರವಾನಗಿ ಕೊಡುವವರು ನಗರ ಪೊಲೀಸ್ ಆಯುಕ್ತರು. ಅವರ ಕಚೇರಿ ಇರುವುದು ಇನ್‌ಫೆಂಟ್ರಿ ರಸ್ತೆಯಲ್ಲಿ. ಪಾಲಿಕೆಯ ದಾಖಲೆಯಲ್ಲಿ ಆ ರಸ್ತೆಗೆ ಭಗವಾನ್ ಮಹಾವೀರ ರಸ್ತೆಯೆಂದು ಹೆಸರು. ಅಹಿಂಸೆಯನ್ನು ಪರಮಧರ್ಮವೆಂದ ತೀರ್ಥಂಕರರ ಹೆಸರಿನ ಬೀದಿಯಲ್ಲಿ ನಿಂತು ಪಿಸ್ತೂಲು ಬೇಡಬೇಕಾಗಿ ಬಂದದ್ದರಲ್ಲಿ ಯಾವ ಅಲಂಕಾರವಿದೆಯೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ಅರ್ಜಿದಾರನಿಗೆ 21 ತುಂಬಿರಬೇಕು. ವೈದ್ಯರ ಪ್ರಮಾಣಪತ್ರ, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರ, ಠಾಣೆಯ ವರದಿ ಬೇಕು. ಜೀವಕ್ಕೆ ಯಾರಿಂದ ಅಪಾಯ ಎಂದು ಕೇಳಿದರೆ ಹೇಳಲು ತಕ್ಕ ಮಟ್ಟದ ಶತ್ರುವೂ ಇರಬೇಕು. ನಮ್ಮಂಥವರ ಅರ್ಜಿ ಎಡವುವುದು ಇಲ್ಲೇ. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು ಕಲಂ 14 ಸ್ಪಷ್ಟವಾಗಿ ಹೇಳುತ್ತದೆ. ಭಾರತೀಯ ಶಾಸನಗಳಲ್ಲಿ ಲೇಖಕರಿಗೆ ಇಷ್ಟು ಅನುಕೂಲವಾದ ವಾಕ್ಯ ಮತ್ತೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಪರವಾನಗಿಯ ನಿಯಮಕ್ಕೆ ಅಪವಾದವಾದವರು ವಸಂತನಗರದ ಕೊಡವ ಸಮಾಜದ ಅಂಗಳದಲ್ಲಿ ಸಿಗುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವರನ್ನು ನೋಡಿ ಕರುಬುವುದು ಬೇಡ. ಆಯುಧದ ಜೊತೆ ತಲೆಮಾರುಗಳಿಂದ ಬದುಕಿದವರು ಅದನ್ನು ಕೋಷ್ಟಕದಲ್ಲಿ ಹೋಲಿಸುತ್ತ ಕೂರುವುದಿಲ್ಲ.

ಎಲ್ಲವನ್ನೂ ಓದಿದ ಮೇಲೂ ಪಿಸ್ತೂಲು ಬೇಕೇ ಬೇಕೆನ್ನುವ ಓದುಗರಿಗೆ ಈ ಶಾಸ್ತ್ರದ ನಿರ್ಣಯ ಇದು. ಪರವಾನಗಿಯಿಲ್ಲದ್ದನ್ನು ಕನಸಿನಲ್ಲೂ ಮುಟ್ಟಬೇಡಿ; 2019ರ ತಿದ್ದುಪಡಿಯ ಪ್ರಕಾರ ನಿಷೇಧಿತ ಆಯುಧಕ್ಕೆ ಏಳರಿಂದ ಹದಿನಾಲ್ಕು ವರ್ಷ ಜೈಲು. ಪರವಾನಗಿ ಸಿಕ್ಕರೆ ಐದು ವರ್ಷಕ್ಕೊಮ್ಮೆ ನವೀಕರಿಸಿ. ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಕರೆ ಬರುತ್ತದೆ, ಪಿಸ್ತೂಲನ್ನು ಕೊಂಡೊಯ್ದು ಒಪ್ಪಿಸಿ. ರಸೀದಿ ಕೊಡುತ್ತಾರೆ, ಅದನ್ನು ಕಳೆಯಬೇಡಿ.