ಗೋದಲಿಯ ಬಜೆಟ್ ಅಧಿವೇಶನ

(ಮಂಗಳೂರಿನ ಒಂದು ಮನೆ. ಡಿಸೆಂಬರ್ ಎರಡನೇ ವಾರ, ಕ್ರಿಸ್ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಹೊತ್ತು. ಗಂಡನ ಕೈಯಲ್ಲಿ ಪಟ್ಟಿ, ಹೆಂಡತಿಯ ಕೈಯಲ್ಲಿ ಪರ್ಸು.)

ಗಂಡ: ಈ ಸಲ ಗೋದಲಿ ಸರಳವಾಗಿರಲಿ. ಕಾರಂಜಿ, ಬಣ್ಣದ ದೀಪ, ಓಡುವ ರೈಲು, ಅಷ್ಟು ಸಾಕು.

ಹೆಂಡತಿ: ಬೆತ್ಲೆಹೇಮಿಗೆ ರೈಲು ಯಾವಾಗ ಬಂತು ಮಾರಾಯ್ರೇ?

ಗಂಡ: ಪಕ್ಕದ ಮನೆಯ ಬೆತ್ಲೆಹೇಮಿಗೆ ಹೋದ ವರ್ಷವೇ ಬಂದಿದೆ!

ಹೆಂಡತಿ: 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಇದ್ದದ್ದು ಹುಲ್ಲು, ಎತ್ತು, ಕತ್ತೆ. ಹುಲ್ಲಿಗೆ ಭತ್ತ ಮೊಳಕೆಗೆ ಹಾಕಿದ್ದೇನೆ. ಹಳೇ ಕತ್ತೆಗೆ ಒಂದು ಕಿವಿ ಇಲ್ಲ, ಅಂಟಿಸಿ.

ಗಂಡ: ನಕ್ಷತ್ರ?

ಹೆಂಡತಿ: ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು. ಮಾವ ಹಾಗೇ ಮಾಡುತ್ತಿದ್ದದ್ದಲ್ವಾ?

ಗಂಡ: ಕ್ರಿಸ್ಮಸ್ ತಿಂಡಿ ಕುಸ್ವಾರನ್ನಾದರೂ ಅಂಗಡಿಯಿಂದ ತರೋಣ. ಚಂದದ ಡಬ್ಬಿ ಉಂಟು.

ಹೆಂಡತಿ: ಡಬ್ಬಿ ತಿನ್ನಲಿಕ್ಕಾಗುತ್ತದಾ? ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ಮೂರು ಮನೆಯವರು ಸೇರಿ ಮಾಡುತ್ತೇವೆ. ಬಾಣಲೆ ಒಂದೇ, ಒಲೆ ಒಂದೇ, ಮಾತು ಮಾತ್ರ ಮೂರು ಪಾಲು.

ಗಂಡ: ಪ್ಲಾಸ್ಟಿಕ್ ಮರ ಕಂತಿನಲ್ಲಿ ಸಿಗುತ್ತದಂತೆ. ಬಡ್ಡಿಯೇ ಇಲ್ಲ!

ಹೆಂಡತಿ: ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಕೊಟ್ಟಿಗೆ ಶೃಂಗಾರಕ್ಕೆ ಸಾಲ ಮಾಡಿದರೆ ಮಗುವನ್ನು ನೋಡಲು ಬರುವ ಮೂವರು ಜ್ಞಾನಿಗಳ ಹಿಂದೆಯೇ ನಾಲ್ಕನೆಯವ ಬರುತ್ತಾನೆ, ವಸೂಲಿಗೆ!

ಗಂಡ: ಹಾಗಾದರೆ ಜನ ನೋಡುವುದು ಏನನ್ನು?

ಹೆಂಡತಿ: ಜನ ನೋಡುವುದು ಕುಸ್ವಾರಿನ ತಟ್ಟೆಯನ್ನು. ಪಕ್ಕದ ಮನೆಗೆ ಮೊದಲ ತಟ್ಟೆ ನೀವೇ ಕೊಟ್ಟು ಬನ್ನಿ. ರೈಲನ್ನೂ ಪುಕ್ಕಟೆ ನೋಡಿದ ಹಾಗಾಯಿತು.

(ರೈಲಿನ ಮಸೂದೆ ಬಿದ್ದುಹೋಯಿತು. ಹಬ್ಬಕ್ಕೆ ಸಾಲ ಬೇಕಾಗುವುದಿಲ್ಲ ಓದುಗರೇ, ಸಾಲ ಬೇಕಾಗುವುದು ಪಕ್ಕದ ಮನೆಯವರ ಕಣ್ಣಿಗೆ.)