ಕೇಬಲ್ ಮೀಮಾಂಸೆ: ತೋಟದ ಮನೆ ಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಬೇಕು. ವಿಷಯ: ದೊಡ್ಡಮನೆಯ ಜಗಲಿಯಲ್ಲಿರುವ ರೂಟರಿನಿಂದ ಅಡಿಕೆ ತೋಟದಾಚೆಯ ಔಟ್‌ಹೌಸಿಗೆ ನೆಟ್‌ವರ್ಕ್ ಕೇಬಲ್ ಎಳೆಯುವುದು. ಅಧಿಕಾರಿ: ವರ್ಕ್ ಫ್ರಂ ಹೋಮ್ ಪಡೆದು ಬೆಂಗಳೂರಿನಿಂದ ತೀರ್ಥಹಳ್ಳಿ ಸೀಮೆಗೆ ಮರಳಿದ ಮಗ. ಪ್ರಯೋಜನ: ಅಡುಗೆಮನೆಯ ಮಿಕ್ಸಿ ಸದ್ದು ಅಮೆರಿಕದ ಮ್ಯಾನೇಜರಿಗೆ ಕೇಳಿಸದಿರುವುದು. ಸಂಬಂಧ: ಖರ್ಚು ಕೊಡುವ ಅಪ್ಪಯ್ಯನಿಗೂ ಮಗನಿಗೂ ಇರುವಂಥದು, ಕೆಲಸ ಮುಗಿಯುವ ತನಕ ಅದು ನೆಟ್ಟಗಿರುವುದು ಅಪರೂಪ.

ಪೂರ್ವಪಕ್ಷ ನಿಸ್ತಂತುವಾದಿಗಳದು. ವೈಫೈ ಇರುವಾಗ ತಂತಿಯೇಕೆ ಎಂಬುದು ಅವರ ಆಕ್ಷೇಪ. ಈ ವಾದ ಏಪ್ರಿಲ್‌ನಲ್ಲಿ ಹೇಗೋ ನಿಲ್ಲುತ್ತದೆ, ಜೂನ್‌ನಲ್ಲಿ ಬೀಳುತ್ತದೆ. ಎಲೆಯೊಳಗಿನ ನೀರು, ಎಲೆಯ ಮೇಲಿನ ನೀರು ಎರಡೂ ರೇಡಿಯೋ ಅಲೆಯನ್ನು ಹೀರುತ್ತವೆ, 2.4 ಗಿಗಾಹರ್ಟ್ಸ್‌ಗಿಂತ 5 ಗಿಗಾಹರ್ಟ್ಸ್ ಅಲೆ ಬೇಗ ಸೋಲುತ್ತದೆ. ಆಗುಂಬೆಯ ನೆರೆಹೊರೆಯಲ್ಲಿ ಇದಕ್ಕಿಂತ ದೀರ್ಘ ಖಂಡನೆ ಅನಗತ್ಯ.

ಇನ್ನು ಮಾನ ವಿಚಾರ. ತಾಮ್ರದ ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಅಡಿಕೆ ಸಸಿ ನೆಡಲು ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಹಾಗಾಗಿ ಒಂದು ಈಥರ್ನೆಟ್ ಎಂದರೆ 37 ಅಡಿಕೆ ಮರದ ಅಂತರ.

ಕೇಬಲ್ ತಾಮ್ರದ್ದೇ ಎಂದು ತಿಳಿಯುವುದು ಹೇಗೆ? ಇಲ್ಲಿ ಪ್ರಮಾಣಗಳು ಮೂರು. ಅಂಗಡಿಯವನು ‘ಒರಿಜಿನಲ್ ಸಾರ್’ ಅನ್ನುವುದು ಶಬ್ದಪ್ರಮಾಣ. ಇದನ್ನು ನಂಬಿದವರ ಗತಿ ಮುಂದೆ ಬರಲಿದೆ. 305 ಮೀಟರಿನ ಪೆಟ್ಟಿಗೆಯನ್ನು ಎತ್ತಿದಾಗ ಹಗುರವೆನಿಸಿದರೆ ಒಳಗೆ ಅಲ್ಯೂಮಿನಿಯಂ ಇದ್ದೀತೆಂಬುದು ಅನುಮಾನಪ್ರಮಾಣ. ಬ್ಲೇಡಿನಿಂದ ಎಳೆಯನ್ನು ಕೆರೆದಾಗ ಕೆಂಪು ಹೋಗಿ ಬಿಳುಪು ಕಂಡರೆ ಅದು ಪ್ರತ್ಯಕ್ಷ: ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ, ‘ಸಿಸಿಎ’ ಎನಿಸಿಕೊಂಡ ಮಾಲು. ಅದರ ಎಳೆ ಬಗ್ಗಿಸಿದರೆ ಬೇಗ ಮುರಿಯುತ್ತದೆ, ವಿದ್ಯುತ್ ರೋಧವೂ ಹೆಚ್ಚು. ಕೇಬಲ್ಲಿನಲ್ಲೇ ಕರೆಂಟು ಕಳಿಸಿ ಔಟ್‌ಹೌಸಿನ ಕ್ಯಾಮೆರಾ ನಡೆಸುವವರಿಗೆ ದೂರದ ತುದಿಯಲ್ಲಿ ವೋಲ್ಟೇಜು ಸಾಲದೆ ಹೋಗಬಹುದು. ಶಬ್ದಪ್ರಮಾಣದ ಫಲಶ್ರುತಿ ಇಷ್ಟೆ.

ತಂತುವಾದಿಗಳಲ್ಲೂ ಎರಡು ಪಂಥ. ಆಕಾಶವಾದಿಗಳು ಕೇಬಲನ್ನು ಮರದಿಂದ ಮರಕ್ಕೆ ಕಟ್ಟುತ್ತಾರೆ. ಬೂದು ಬಣ್ಣದ ಒಳಾಂಗಣ ಕೇಬಲ್ ತಂದಿದ್ದರೆ ಅದರ ಪಿವಿಸಿ ಹೊದಿಕೆ ಬಿಸಿಲಿಗೆ ಸೀಳುತ್ತದೆ. ಹೊರಾಂಗಣದ್ದಕ್ಕೆ ಕಾರ್ಬನ್ ಬೆರೆತ ಕಪ್ಪು ಪಾಲಿಎಥಿಲೀನ್ ಹೊದಿಕೆ. ಬಿಸಿಲು ಗೆದ್ದರೂ ಸೋಗೆ ಬಿಡದು: ಹಾಳೆಸಮೇತ ಅದು ಕಳಚಿ ಬೀಳುವ ಹೊತ್ತಿಗೂ ಕ್ಲೈಂಟ್ ಮೀಟಿಂಗಿನ ಹೊತ್ತಿಗೂ ಇರುವ ನಂಟನ್ನು ಯಾವ ವಿಶ್ವವಿದ್ಯಾಲಯವೂ ಶೋಧಿಸಿಲ್ಲ.

ಪಾತಾಳವಾದಿಗಳು ನೆಲ ಅಗೆದು ಹೂಳುತ್ತಾರೆ. ಈ ಪಂಥದ ಪ್ರತಿವಾದಿ ಹೆಗ್ಗಣ. ನೀರು ನುಗ್ಗದಿರಲು ಜೆಲ್ ತುಂಬಿದ ಕೇಬಲ್ ಬೇಕು. ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನನ್ನು ಅದೇ ಪೈಪಿನೊಳಗೆ ತೂರಿಸಕೂಡದು. ಗೋಡೆ ಹೊಗುವ ಮೊದಲು ಕೇಬಲ್ ಕೆಳಗೆ ಬಾಗಿ ಮೇಲೇರಬೇಕು; ಇಲ್ಲವಾದರೆ ಮಳೆನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಎರಡು ಪಂಥಗಳಿಗೂ ಉತ್ತರಿಸಲಾಗದ ಪ್ರಶ್ನೆ ಸಿಡಿಲು. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ. ಹತ್ತಿರದಲ್ಲಿ ಸಿಡಿಲು ಬಡಿದ ಕ್ಷಣ ಎರಡರ ನಡುವೆ ಭಾರೀ ವೋಲ್ಟೇಜು ವ್ಯತ್ಯಾಸ ಹುಟ್ಟುತ್ತದೆ, ತಾಮ್ರದ ಕೇಬಲ್ ಅದಕ್ಕೆ ದಾರಿಯಾಗುತ್ತದೆ. ರೂಟರು, ಸ್ವಿಚ್ಚು, ಲ್ಯಾಪ್‌ಟಾಪು ಒಟ್ಟಿಗೇ ಸುಟ್ಟುಹೋಗಬಹುದು.

ಆದ್ದರಿಂದ ಸಿದ್ಧಾಂತ: ಗಾಜು. ಗಾಜಿನ ಎಳೆಯಲ್ಲಿ ದೂರಕ್ಕೆ ಬೆಳಕು ಕಳಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲೇ ತೋರಿಸಿದರು. ನೊಬೆಲ್ ಬಂದದ್ದು 2009ರಲ್ಲಿ. ಗಾಜು ವಿದ್ಯುತ್ತನ್ನು ಹರಿಯಬಿಡದು, 37 ಮರದ ಮಿತಿಯೂ ಅದಕ್ಕಿಲ್ಲ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಸಾಕು, ಔಟ್‌ಹೌಸಿನಲ್ಲಿ ಕರೆಂಟಿದ್ದರೆ. ಹೆಗ್ಗಣಕ್ಕೆ ಹೆದರಿ ಉಕ್ಕಿನ ಕವಚದ ಫೈಬರ್ ತಂದರೆ ಮಾತ್ರ ಸಿಡಿಲಿಗೆ ಮತ್ತೆ ದಾರಿ ಕೊಟ್ಟಂತೆ. ಲೋಹವಿಲ್ಲದ ಫೈಬರನ್ನು ದಪ್ಪ ಎಚ್‌ಡಿಪಿಇ ಪೈಪಿನಲ್ಲಿ ಹಾಕುವುದೇ ಸರಿ.

ಓದುಗರಲ್ಲಿ ವಿನಂತಿ: ಅಗೆತವನ್ನು ಮಳೆಗೆ ಮುಂಚೆ ಮುಗಿಸಿ. ಮಣ್ಣು ಮುಚ್ಚುವ ಮೊದಲು ಪೈಪಿನೊಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ. ಮುಂದೆ ಇನ್ನೊಂದು ಕೇಬಲ್ ಬೇಕಾದಾಗ ಅದನ್ನು ಹಗ್ಗಕ್ಕೆ ಕಟ್ಟಿ ಎಳೆದುಕೊಳ್ಳಬಹುದು.