ಪೂರ್ವಜ್ಞಾನದ ಅಗತ್ಯವಿಲ್ಲ

ನನ್ನ ಮೊಮ್ಮಗಳು ತಾನು ಲಾಯರಾಗುವುದಾಗಿಯೂ, ಆದರೆ ನಾಗರಭಾವಿಯ ಲಾ ಸ್ಕೂಲಿನಲ್ಲಿ ಓದಿಯೇ ಆಗುವುದಾಗಿಯೂ ಘೋಷಿಸಿದ ದಿನ ಮನೆಮಂದಿಯೆಲ್ಲ ಸಂತೋಷಪಟ್ಟರು. ನಾನಾದರೋ ಸಂತೋಷಪಡುವ ಕೆಲಸವನ್ನು ಉಳಿದವರಿಗೆ ಬಿಟ್ಟು, ಅಟ್ಟದ ಮೇಲಿದ್ದ ದೊಡ್ಡ ಕ್ಯಾನ್ವಾಸ್ ಚೀಲವನ್ನು ಇಳಿಸಿ ಅದರ ಧೂಳನ್ನು ಕೊಡವತೊಡಗಿದೆನು. ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯ ಕಡತಗಳ ನಡುವೆ ಸವೆದು ಶಿರಸ್ತೇದಾರನಾಗಿ ನಿವೃತ್ತನಾದವನಿಗೆ, ಕಾಗದಪತ್ರಗಳ ಶೇಖರಣೆಯಾಗದೆ ಯಾವ ಶುಭಕಾರ್ಯವೂ ಆರಂಭವಾಗಕೂಡದೆಂಬುದು ಕೇವಲ ಅಭ್ಯಾಸವಲ್ಲ, ಒಂದು ಬಗೆಯ ಆಸ್ತಿಕ್ಯ. ಪರೀಕ್ಷೆಯ ಹೆಸರು ಕ್ಲ್ಯಾಟ್ ಎಂಬುದೂ ಅದು ಡಿಸೆಂಬರಿನಲ್ಲಿ ಬರುವುದೆಂಬುದೂ ತಿಳಿದ ಮೇಲೆ ಮಿಕ್ಕ ವಿವರಗಳನ್ನು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. “ತಾತ, ಸ್ವಲ್ಪ ತಾಳಿ, ಏನು ಬೇಕೋ ನಾನೇ ಬರೆದು ಕೊಡುತ್ತೇನೆ” ಎಂದು ಅವಳು ಹೇಳಿದ್ದು ಕೇಳಿಸಿತು. ಕೇಳಿಸಿದ್ದನ್ನೆಲ್ಲ ಕಡತಕ್ಕೆ ಸೇರಿಸಬೇಕೆಂಬ ನಿಯಮವಿಲ್ಲವಷ್ಟೆ.

ಮೊದಲು ಹೋದದ್ದು ಒಂದು ತರಬೇತಿ ಕೇಂದ್ರಕ್ಕೆ. ಪುಸ್ತಕಗಳನ್ನು ಮಾತ್ರ ಕೊಳ್ಳಲು ಬಂದಿರುವೆನೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಂಡರೂ, ಟೈ ಬಿಗಿದುಕೊಂಡ ತರುಣನೊಬ್ಬನು ನನ್ನನ್ನು ಥರಗುಟ್ಟುವಷ್ಟು ತಂಪಾದ ಕೋಣೆಯಲ್ಲಿ ಕುಳ್ಳಿರಿಸಿ, “ಮಗುವಿನ ಕನಸಿಗೆ ಬೆಲೆ ಕಟ್ಟಲಾದೀತೇ ಸಾರ್?” ಎಂದು ಆರ್ದ್ರಕಂಠದಿಂದ ಪ್ರಶ್ನಿಸಿ, ನಾನು ಉತ್ತರ ಹುಡುಕುವಷ್ಟರಲ್ಲಿ ತಾನೇ ಕಟ್ಟಿ ತೋರಿಸಿದನು. ಜಿಎಸ್‌ಟಿ ಪ್ರತ್ಯೇಕ. ನಾನು ಚೀಲವನ್ನು ಹೆಗಲಿಗೇರಿಸಿ ಮಾರ್ಕೆಟ್ಟಿನ ಬಸ್ಸು ಹತ್ತಿದೆನು.

ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯ ಮುಂದೆ ನಿಂತಾಗ ನನ್ನಲ್ಲಿ ವಿವೇಕವೆಂಬುದು ಎಂದೂ ಉಳಿದಿಲ್ಲ. “ಲಾ ಎಂಟ್ರೆನ್ಸಾ ಯಜಮಾನ್ರೇ? ಫುಲ್ ಸೆಟ್ ಕೊಡ್ಲಾ?” ಎಂದು ಅಂಗಡಿಯವನು ಕೇಳಿದ ಆ ‘ಫುಲ್ ಸೆಟ್’ ಎಂಬ ಶಬ್ದದಲ್ಲಿ, ಓದುವ ಕಷ್ಟವನ್ನೆಲ್ಲ ಕೊಳ್ಳುವ ಸುಖವಾಗಿ ಪರಿವರ್ತಿಸುವ ಅದೇನು ಮಂತ್ರಶಕ್ತಿಯಿದ್ದಿತೋ ಕಾಣೆ, ಅಗರ್‌ವಾಲರ ಅಂಕಗಣಿತವೂ, ನಮ್ಮ ಸಂವಿಧಾನ ಅಂಗೀಕಾರವಾದ ೧೯೪೯ರಲ್ಲಿಯೇ ಮೊದಲು ಅಚ್ಚಾದ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ಯೂ, ಸಾಮಾನ್ಯಜ್ಞಾನದ ಎರಡು ಸಂಪುಟಗಳೂ, ಲ್ಯಾಟಿನ್ ನ್ಯಾಯಸೂತ್ರಗಳ ಒಂದು ಗೈಡೂ, ಕಡೆಗೆ ಎಣ್ಣೆಕಲೆಯಾದ ಭಾರತೀಯ ದಂಡಸಂಹಿತೆಯ ಒಂದು ಪ್ರತಿಯೂ ಚೀಲವನ್ನು ಸೇರಿದುವು. ಪ್ರತಿಯೊಂದು ಪುಸ್ತಕದಲ್ಲಿಯೂ ಮೊದಲ ಹದಿನಾಲ್ಕು ಪುಟಗಳಲ್ಲಿ ಕೆಂಪು, ಹಸಿರು, ನೀಲಿ ಗೀಟುಗಳು ಎಡೆಬಿಡದೆ ಸಾಗಿ, ಹದಿನೈದನೆಯ ಪುಟದಿಂದ ಅಂತ್ಯದವರೆಗೆ ಹಿಮಾಲಯದ ಶುಭ್ರತೆ. ಹಿಂದಿನ ಒಡೆಯರಿಗೆಲ್ಲ ಆ ಹದಿನಾಲ್ಕನೆಯ ಪುಟದ ಸಂಜೆ ಏನು ಸಂಭವಿಸಿತೆಂಬುದನ್ನು ಬಸ್ಸಿನಲ್ಲಿ ಯೋಚಿಸುತ್ತ ಬಂದು ನನ್ನ ನಿಲ್ದಾಣವನ್ನು ದಾಟಿಹೋದೆನು.

ಮನೆಯಲ್ಲಿ ವಿಚಾರಣೆ ಬೇಗ ಮುಗಿಯಿತು. ೨೦೨೦ರಿಂದ ಪರೀಕ್ಷೆಯ ಸ್ವರೂಪವೇ ಬದಲಾಗಿದೆಯಂತೆ. ಹಿಂದಿನ ೨೦೦ ಬಿಡಿಬಿಡಿ ಪ್ರಶ್ನೆಗಳ ಕಾಲ ಹೋಗಿ, ಈಗ ದೀರ್ಘ ಗದ್ಯಭಾಗಗಳನ್ನು ಓದಿ ಎರಡು ಗಂಟೆಯಲ್ಲಿ ೧೨೦ ಪ್ರಶ್ನೆಗಳನ್ನು ಉತ್ತರಿಸಬೇಕಂತೆ. ತಪ್ಪಿದರೆ ಕಾಲು ಅಂಕ ಖೋತಾ. ಸಾಮಾನ್ಯಜ್ಞಾನದ ಸಂಪುಟಗಳು ವಜಾ, ಲ್ಯಾಟಿನ್ ಸೂತ್ರಗಳು ವಜಾ. ದಂಡಸಂಹಿತೆಯಂತೂ ೨೦೨೪ರ ಜುಲೈ ೧ರಂದೇ ಕಾಲವಾಗಿ, ಅದರ ೫೧೧ ಕಲಮುಗಳ ಸ್ಥಾನದಲ್ಲಿ ೩೫೮ ಕಲಮುಗಳ ನ್ಯಾಯಸಂಹಿತೆ ಪಟ್ಟವೇರಿದೆ. ಇದು ನನಗೆ ತಿಳಿಯದ ಸಂಗತಿಯಲ್ಲ; ಅಂಗಡಿಯ ಮುಂದೆ ಮರೆತಿದ್ದೆನಷ್ಟೆ. ವಂಚನೆಯ ೪೨೦ ಈಗ ೩೧೮ ಆಗಿರುವುದಂತೂ ಭಾಷೆಗೇ ಒದಗಿದ ನಷ್ಟ: ನಮ್ಮ ಕಚೇರಿಯಲ್ಲಿ ಒಬ್ಬನ ಸಮಸ್ತ ಗುಣಶೀಲವನ್ನೂ ‘ಫೋರ್ ಟ್ವೆಂಟಿ’ ಎಂಬ ಒಂದೇ ವಿಶೇಷಣದಿಂದ ವರ್ಣಿಸಬಹುದಾಗಿತ್ತು, ಇನ್ನು ಯಾರನ್ನಾದರೂ ‘ತ್ರೀ ಎಯ್ಟೀನ್’ ಎಂದು ಜರೆದರೆ ಅವನು ಲಾಡ್ಜಿನ ಕೋಣೆಯ ಸಂಖ್ಯೆಯೆಂದು ತಿಳಿದಾನು. ಇವೆಲ್ಲಕ್ಕೂ ಮಿಗಿಲಾಗಿ ನನ್ನನ್ನು ನೋಯಿಸಿದುದು, ಕಾನೂನಿನ ಪ್ರಶ್ನೆಗಳನ್ನು ಬಿಡಿಸಲು ಕಾನೂನಿನ ಪೂರ್ವಜ್ಞಾನದ ಅಗತ್ಯವಿಲ್ಲ, ಕೊಟ್ಟ ಗದ್ಯದಲ್ಲಿರುವ ತತ್ತ್ವವನ್ನು ಅನ್ವಯಿಸಿದರೆ ಸಾಕು ಎಂಬ ಮಾತು. ನನ್ನ ಮುಖವನ್ನು ಕಂಡು ಮರುಕಗೊಂಡು, “ವಯಸ್ಸಿನ ಮಿತಿ ಇಲ್ಲ ತಾತ, ನೀವೂ ಬರೆಯಬಹುದು, ಪಿಯುಸಿಯಲ್ಲಿ ಶೇಕಡಾ ೪೫ ಇದ್ದರಾಯಿತು” ಎಂದಳು. ನಾನು ಆ ಪ್ರಸ್ತಾವವನ್ನು ಮುಂದುವರಿಸಲಿಲ್ಲ. ಆದರೂ ಅವಳು ಮುದ್ರಿಸಿಕೊಂಡಿದ್ದ ಮಾದರಿ ಪ್ರಶ್ನೆಪತ್ರಿಕೆಯನ್ನು ಎಳೆದುಕೊಂಡು, ಗಡಿಯಾರವನ್ನು ಎದುರಿಗಿಟ್ಟು ಕುಳಿತೆನು.

ನನ್ನ ಕಣ್ಣು ಬಿದ್ದುದು ಒಂದು ಹಲಸಿನ ಮರದ ಮೇಲೆ. ಗದ್ಯಭಾಗದ ತತ್ತ್ವವಿಷ್ಟು: ನೆರೆಯವನ ಮರದ ಕೊಂಬೆ ನಮ್ಮ ನೆಲದ ಮೇಲೆ ಚಾಚಿದರೆ ಅದನ್ನು ಕಡಿಯಬಹುದು, ಆದರೆ ಫಲ ಮಾತ್ರ ಮರದ ಒಡೆಯನದು. ಸಂಗತಿ: ‘ಎ’ ಎಂಬವನ ಹಲಸಿನ ಕೊಂಬೆ ‘ಬಿ’ ಎಂಬವನ ಹಿತ್ತಿಲಿಗೆ ಚಾಚಿತ್ತು, ‘ಬಿ’ಯು ಅದನ್ನು ಕಡಿದು, ಅದರಲ್ಲಿದ್ದ ಹಣ್ಣುಗಳನ್ನು ಮಾರಿಕೊಂಡನು, ಅವನು ಹೊಣೆಗಾರನೇ? ಉತ್ತರಿಸಲು ಒಂದು ನಿಮಿಷ.

ಮರ ‘ಎ’ಯದೆಂದು ಯಾರು ಹೇಳಿದರು? ಪ್ರಶ್ನೆ ಹೇಳಿತು. ಪ್ರಶ್ನೆ ಹೇಳಿದ ಮಾತ್ರಕ್ಕೆ ಆದೀತೇ? ಪಹಣಿ ಎಲ್ಲಿ? ೯ನೆಯ ಕಾಲಮಿನಲ್ಲಿ ಯಾರ ಹೆಸರಿದೆ, ೧೨ನೆಯ ಕಾಲಮಿನಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ, ೧೧ನೆಯದರಲ್ಲಿ ಬ್ಯಾಂಕಿನ ಸಾಲವೇನಾದರೂ ಕುಳಿತಿದೆಯೇ? ಅಣ್ಣತಮ್ಮಂದಿರ ವಿಭಾಗವಾಗಿ ಪೋಡಿಯಾಗದೆ ಉಳಿದ ಜಮೀನಾದರೆ ಮರವಿರುವ ಸ್ಥಳವೇ ‘ಬಿ’ಯದಾಗಿರಬಾರದೇಕೆ? ಅದೂ ಇರಲಿ, ಹಲಸು ಕಾಯುವುದು ಬುಡದಲ್ಲಿ, ಕಾಂಡದಲ್ಲಿ, ಹೆಚ್ಚೆಂದರೆ ದಪ್ಪ ರೆಂಬೆಯಲ್ಲಿ, ನೆರೆಮನೆಗೆ ಇಣುಕುವ ತುದಿಗೊಂಬೆಯಲ್ಲಿ ಮಾರುವಷ್ಟು ಹಣ್ಣು ಬಿಟ್ಟಿತ್ತೆಂಬ ಹೇಳಿಕೆಯೇ ಸಂಶಯಾಸ್ಪದವಾದುದು, ಮತ್ತು ಅಂಥ ಹೇಳಿಕೆಗೆ ಸಹಿ ಮಾಡಿದವನು ಸ್ಥಳಕ್ಕೆ ಹೋಗದೆ ಚಾವಡಿಯಲ್ಲಿ ಕುಳಿತೇ ಮಹಜರು ಬರೆದವನಾಗಿರಬೇಕು. ನನ್ನ ಲೇಖನಿ ನನ್ನನ್ನು ಕೇಳದೆಯೇ ಪುಟದ ಅಂಚಿಗೆ ಹೋಗಿ, ಎಂದಿನ ಓರೆ ಅಕ್ಷರಗಳಲ್ಲಿ ಷರಾ ಬರೆಯಿತು: “ಗ್ರಾಮಲೆಕ್ಕಿಗರು ಖುದ್ದು ಸ್ಥಳ ಪರಿಶೀಲಿಸಿ, ಚಕ್ಕುಬಂದಿ ಸಹಿತ ನಕಾಶೆ ತಯಾರಿಸಿ, ಉಭಯ ಪಕ್ಷಗಾರರ ಹೇಳಿಕೆ ಪಡೆದು, ಏಳು ದಿನಗಳೊಳಗಾಗಿ ವರದಿ ಸಲ್ಲಿಸತಕ್ಕದ್ದು.” ಕೆಳಗೆ ಮೊಟಕು ಸಹಿ. ದಿನಾಂಕ. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಯಾವುದೊಂದೂ ನನ್ನ ಆದೇಶಕ್ಕೆ ಹೊಂದದಿದ್ದುದರಿಂದ ಐದನೆಯದೊಂದನ್ನು ನಾನೇ ಸೇರಿಸಿ, ಅದಕ್ಕೆ ವೃತ್ತವನ್ನೂ ಬರೆದು ಅಂದವಾಗಿ ತುಂಬಿ, ತೃಪ್ತನಾಗಿ ತಲೆಯೆತ್ತಿದಾಗ ನಲವತ್ತೊಂದು ನಿಮಿಷ ಸಂದಿತ್ತು. ಮೊಮ್ಮಗಳು ಹಿಂದೆ ನಿಂತು ಓದಿ, “ಕಾಲು ಅಂಕ ಕಳೆಯಬೇಕು” ಎಂದಳು.

ನಗು ಬಂದಿತು, ಬಂದಷ್ಟೇ ಬೇಗ ಹೋಯಿತು. ಆ ಏಳು ದಿನಗಳ ಷರಾವನ್ನು ಎಷ್ಟು ಕಡತಗಳ ಮೇಲೆ ಬರೆದಿದ್ದೆನೋ! ಹೆಗಲ ಮೇಲೆ ಟವೆಲು ಹಾಕಿಕೊಂಡ ಮುದುಕನೊಬ್ಬನು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಇಂಗ್ಲಿಷ್ ಆದೇಶವೊಂದನ್ನು ಹಿಡಿದು, ಅದರಲ್ಲಿ ಭೂಮಿ ತನ್ನದೆಂದಿದೆಯೋ ಅಲ್ಲವೆಂದಿದೆಯೋ ಓದಿ ಹೇಳಿರೆಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದನು, ನಾನು ನಾಳೆ ಬಾ ಎನ್ನುತ್ತಿದ್ದೆನು, ಅವನು ಬರುತ್ತಿದ್ದನು. ಈ ಪರೀಕ್ಷೆಯೂ ಇಂಗ್ಲಿಷಿನಲ್ಲಿ ಮಾತ್ರ. ಅರ್ಜಿಯ ಶುಲ್ಕವೇ ಸಾಮಾನ್ಯ ವರ್ಗಕ್ಕೆ ೪,೦೦೦ ರೂಪಾಯಿ. ಆ ಮುದುಕನಿಗೂ ಒಬ್ಬ ಮೊಮ್ಮಗಳಿದ್ದಿರಬಹುದು.

ಆ ರಾತ್ರಿ ನಿದ್ರೆ ಹತ್ತದೆ, ರದ್ದಿಗೆ ಬಿದ್ದಿದ್ದ ದಂಡಸಂಹಿತೆಯನ್ನೇ ತೆರೆದೆನು. ಮೆಕಾಲೆ ಮೊದಲ ಕರಡನ್ನು ರಚಿಸಿ, ೧೮೬೦ರಲ್ಲಿ ಶಾಸನವಾದ ಈ ಗ್ರಂಥದ ದೃಷ್ಟಾಂತಗಳಲ್ಲಿ ಇಷ್ಟೊಂದು ಕಥಾರಸವಿರುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಕೇಡಿಗ ಬಹುಮಟ್ಟಿಗೆ ‘ಎ’, ಅನುಭವಿಸುವವನು ‘ಝಡ್’. ೩೦೦ನೆಯ ಕಲಮಿನಲ್ಲಿ ‘ಎ’ ಗುಂಡು ಹಾರಿಸುತ್ತಾನೆ, ಝಡ್ ಸಾಯುತ್ತಾನೆ. ೩೭೮ರ ಹೊತ್ತಿಗೆ ಪಾಪ, ಮತ್ತೆ ಬದುಕಿ ಬಂದಿರುತ್ತಾನೆ: ನೆಲದಲ್ಲಿ ಒಂದು ಮರವಿದೆ, ಒಂದು ನಾಯಿಯಿದೆ, ಮೇಜಿನ ಮೇಲೆ ಒಂದು ಉಂಗುರವಿದೆ. ‘ಎ’ ಬಂದು ಮರ ಕಡಿಯುತ್ತಾನೆ. ಜೇಬಿನಲ್ಲಿ ತಿಂಡಿಯಿಟ್ಟುಕೊಂಡು ನಾಯಿಯನ್ನು ಹಿಂದೆ ಬರಿಸಿಕೊಳ್ಳುತ್ತಾನೆ. ಉಂಗುರವನ್ನು ಅದೇ ಮನೆಯಲ್ಲಿ, ಝಡ್‌ಗೆ ಕಾಣದ ಕಡೆ ಅಡಗಿಸಿಡುತ್ತಾನೆ.

ನೀರು ಕುಡಿಯಲೆಂದು ಎದ್ದ ಮೊಮ್ಮಗಳು ದೀಪ ಕಂಡು ಬಾಗಿಲಲ್ಲಿ ನಿಂತಳು.

“ತಾತ, ಅದು ಪರೀಕ್ಷೆಗೆ ಬರೋದಿಲ್ಲ.”

“ಗೊತ್ತು. ಝಡ್ ಎಲ್ಲಾದರೂ ಗೆಲ್ಲುತ್ತಾನೋ ಎಂದು ನೋಡುತ್ತಿದ್ದೇನೆ.”

“ಯಾವ ಸೆಕ್ಷನ್ನಲ್ಲಿದ್ದೀರಿ?”

“ಮುನ್ನೂರ ಎಪ್ಪತ್ತೆಂಟು.”

“ಈಗ ಅದು ಮುನ್ನೂರ ಮೂರು” ಎಂದು ಹೇಳಿ, ಲೋಟ ಹಿಡಿದುಕೊಂಡೇ ಬಂದು ಮಂಚದ ಅಂಚಿನಲ್ಲಿ ಕುಳಿತಳು.

“ಅಲ್ಲಿಯೂ ಅವನ ಮರ ಕಡಿದಿದ್ದಾರೆಯೇ?”

“ಕಡಿದಿದ್ದಾರೆ, ತಾತ.”